ಗುಡ್ಡೆಗೆ ಬೆಂಕಿ ಬೀಳುವ ಮೊದಲು: ಗಡಿನಾಡಿನ ಊರೊಂದು ಮಾಡಿಕೊಳ್ಳಬೇಕಾದ ಸಿದ್ಧತೆ

ಇಷ್ಟೊಂದು ಮಳೆ ಬೀಳುವ ಸೀಮೆಯಲ್ಲಿ ಕಾಡ್ಗಿಚ್ಚಿನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುವುದು ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು, ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳ, ಅಂದರೆ ಗುಡ್ಡೆಯ ಮೇಲಿನ ಬಯಲುಗಳ, ತೆಳುಮಣ್ಣಿನಲ್ಲಿ ನಿಲ್ಲದೆ ಹರಿದು ಹೋಗುತ್ತದೆ. ಆ ಮಳೆಗೇ ಹುಲುಸಾಗಿ ಬೆಳೆದ ಮುಳಿಹುಲ್ಲು ತುಲಾ ಮಳೆ (ಅಕ್ಟೋಬರ್, ನವೆಂಬರಿನ ಹಿಂಗಾರು) ನಿಂತ ಕೆಲವೇ ವಾರಗಳಲ್ಲಿ ಒಣಗಿ, ಮಕರ ಸಂಕ್ರಮಣದಿಂದ ಪತ್ತನಾಜೆಯವರೆಗೆ, ಅಂದರೆ ಜನವರಿಯ ನಡುವಿನಿಂದ ಮೇ ತಿಂಗಳ ಕೊನೆಯ ವಾರದವರೆಗೆ, ಒಂದು ಬೀಡಿಯ ತುಂಡಿಗೂ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಹುಲ್ಲೂ ಹೆಚ್ಚು, ಬೆಂಕಿಯ ಭಯವೂ ಹೆಚ್ಚು.

ಹಿಂದೆ ಈ ಗುಡ್ಡೆಗಳಿಗೆ ಬೆಂಕಿ ಬೀಳುತ್ತಿರಲಿಲ್ಲವೆಂದಲ್ಲ. ಬಿದ್ದರೂ ಉರಿಯಲು ಅಲ್ಲಿ ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಮುಳಿಹುಲ್ಲನ್ನು ಮನೆಯ, ಹಟ್ಟಿಯ ಮಾಡಿಗೆ ಹೊದೆಸಲು ಕೊಯ್ದು ತರುತ್ತಿದ್ದರು. ತರಗೆಲೆಯನ್ನು ಗುಡಿಸಿ, ಸೊಪ್ಪನ್ನು ಕಡಿದು ಹಟ್ಟಿಗೆ ಹಾಸುತ್ತಿದ್ದರು. ಅದೇ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿತ್ತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಿಂದ, ಅಂದರೆ 1956ರ ನವೆಂಬರ್ 1ಕ್ಕೂ ಮೊದಲಿನಿಂದ, ಇಲ್ಲಿ ಬಳಕೆಯಲ್ಲಿರುವ ‘ಕುಮ್ಕಿ’ ಎಂಬ ವ್ಯವಸ್ಥೆ ಇದ್ದದ್ದೇ ಇದಕ್ಕಾಗಿ: ಕೃಷಿಭೂಮಿಯ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ, ಹುಲ್ಲು ತರುವ ಅವಕಾಶ ಕೃಷಿಕನಿಗಿತ್ತು. ಈಗ ಮಾಡಿಗೆ ಹೆಂಚು, ಕಾಂಕ್ರೀಟು ಬಂದಿದೆ, ಹಟ್ಟಿ ಖಾಲಿಯಾಗಿದೆ, ಅಡುಗೆಗೆ ಗ್ಯಾಸ್ ಇದೆ. ಯಾರೂ ಬೆಂಕಿ ತಡೆಯಲೆಂದು ಮಾಡದಿದ್ದರೂ ಬೆಂಕಿಯನ್ನು ತಡೆಯುತ್ತಿದ್ದ ಆ ದುಡಿಮೆ ನಿಂತುಹೋಗಿರುವುದರಿಂದ, ಅದನ್ನು ಈಗ ಊರು ತಿಳಿದು, ಲೆಕ್ಕಹಾಕಿ, ದಿನ ಗೊತ್ತುಮಾಡಿ ಮಾಡಬೇಕಾಗಿದೆ. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಊರಿನ ಬೆಂಕಿ ನಕ್ಷೆ

ನವೆಂಬರ್ ತಿಂಗಳ ಒಂದು ರವಿವಾರ, ವಾರ್ಡಿನ ಸದಸ್ಯರನ್ನೂ, ಗುಡ್ಡೆಯ ಅಂಚಿನಲ್ಲಿ ಮನೆಯಿರುವವರನ್ನೂ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಮಹಿಳೆಯರನ್ನೂ ಕರೆದು, ಒಂದು ದೊಡ್ಡ ಕಾಗದದ ಮೇಲೆ ಊರಿನ ನಕ್ಷೆ ಬರೆಯಬೇಕು. ಹಿಂದಿನ ವರ್ಷಗಳಲ್ಲಿ ಬೆಂಕಿ ಎಲ್ಲಿಂದ ಆರಂಭವಾಯಿತು, ಯಾವ ದಿಕ್ಕಿಗೆ ಹೋಯಿತು, ಎಲ್ಲಿ ನಿಂತಿತು ಎನ್ನುವುದನ್ನು ಹಿರಿಯರ ಬಾಯಿಂದ ಕೇಳಿ ಮೊದಲು ಗುರುತಿಸಬೇಕು. ಬೆಂಕಿ ಸಾಮಾನ್ಯವಾಗಿ ಹಳೆಯ ದಾರಿಯನ್ನೇ ಹಿಡಿಯುತ್ತದೆ, ಏಕೆಂದರೆ ಗುಡ್ಡೆಯ ಇಳಿಜಾರು ಬದಲಾಗುವುದಿಲ್ಲ, ಬೇಸಗೆಯ ಗಾಳಿಯ ದಿಕ್ಕೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಬೀಸುವ ಪಡುವಣ ಗಾಳಿ ಪಶ್ಚಿಮ ಇಳಿಜಾರಿನ ಬೆಂಕಿಯನ್ನು ಮೇಲಕ್ಕೆ ದೂಡುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದರೆ ಏರುವ ಬೆಂಕಿಯ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಅಗ್ನಿಶಾಮಕರ ಸಾಮಾನ್ಯ ಲೆಕ್ಕ. ಆದ್ದರಿಂದ ಗುಡ್ಡೆಯ ನೆತ್ತಿಯಲ್ಲಿ, ಪಡುವಣಕ್ಕೆ ಮುಖ ಮಾಡಿ ಕಟ್ಟಿದ ಮನೆಗಳಿಗೆ ನಕ್ಷೆಯಲ್ಲಿ ಕೆಂಪು ಗುರುತು ಬೀಳಬೇಕು.

ಅದೇ ನಕ್ಷೆಯಲ್ಲಿ ಮದಕ (ಮಳೆನೀರು ನಿಲ್ಲಿಸುವ ದೊಡ್ಡ ಹೊಂಡ), ಕೆರೆ, ಸುರಂಗ (ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಮಾಟೆ), ಬೇಸಗೆಯಲ್ಲೂ ನೀರಿರುವ ಬಾವಿ, ಜೀಪು ಹೋಗುವ ದಾರಿ, ಗೇಟು ಹಾಕಿ ಬೀಗ ಜಡಿದ ದಾರಿ, ವಿದ್ಯುತ್ ತಂತಿ ಜೋತುಬಿದ್ದ ಜಾಗ, ಒಂಟಿಯಾಗಿರುವ ವೃದ್ಧರ ಮನೆ, ಹಾಸಿಗೆ ಹಿಡಿದವರಿರುವ ಮನೆ ಇವನ್ನೆಲ್ಲ ಸೇರಿಸಬೇಕು. ಮುರಕಲ್ಲಿನ ಕೋರೆಗಳನ್ನಂತೂ ಒಂದೂ ಬಿಡದೆ ಗುರುತಿಸಬೇಕು. ಕಲ್ಲು ತೆಗೆದು ಹಾಗೆಯೇ ಬಿಟ್ಟ ಈ ಹೊಂಡಗಳಿಗೆ ಬೇಲಿಯಿರುವುದು ಅಪರೂಪ. ಹೊಗೆಯಲ್ಲಿಯೋ ರಾತ್ರಿಯಲ್ಲಿಯೋ ಓಡುವವನಿಗೆ ಬೆಂಕಿಗಿಂತ ಇವೇ ಹೆಚ್ಚು ಅಪಾಯಕಾರಿ. ಹಾಗೆಂದು ಅವುಗಳಿಂದ ಪ್ರಯೋಜನವಿಲ್ಲವೆಂದೂ ಅಲ್ಲ: ಕೆಲವು ಕೋರೆಗಳಲ್ಲಿ ಮಳೆನೀರು ಬೇಸಗೆಯ ಆರಂಭದವರೆಗೂ ನಿಂತಿರುತ್ತದೆ.

ಎರಡನೆಯ ಹೆಜ್ಜೆ: ಉರಿಯುವುದನ್ನು ಕಡಿಮೆ ಮಾಡುವುದು

ಡಿಸೆಂಬರ್ ಮತ್ತು ಜನವರಿಯ ಕೆಲಸ ಇದು. ಇಡೀ ಗುಡ್ಡೆಯನ್ನು ಬೋಳಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಪದವಿನ ಹುಲ್ಲಿನಲ್ಲಿ ಎಷ್ಟೋ ಜೀವಿಗಳ ಬದುಕಿದೆ. ಮನೆ, ತೋಟ, ದಾರಿ ಇವುಗಳ ಅಂಚಿನಲ್ಲಿ ಮಾತ್ರ ಕೆಲಸ ಮಾಡಿದರೆ ಸಾಕು.

ಮನೆಯ ಸುತ್ತ ಹತ್ತು ಮೀಟರಿನೊಳಗೆ ಒಣಹುಲ್ಲು, ತರಗೆಲೆ, ಸೌದೆಯ ರಾಶಿ ಇರಬಾರದು. ಮಾಡಿನ ಹೆಂಚಿನ ಸಂದಿಯಲ್ಲಿ, ನೀರು ಹೋಗುವ ದಂಬೆಯಲ್ಲಿ ಸಿಕ್ಕಿಕೊಂಡ ಎಲೆಯನ್ನು ತೆಗೆಯಬೇಕು, ಏಕೆಂದರೆ ಗಾಳಿಯಲ್ಲಿ ಹಾರಿ ಬರುವ ಕಿಡಿ ಮೊದಲು ಹಿಡಿಯುವುದು ಅಲ್ಲಿಯೇ. ಬೈಹುಲ್ಲಿನ ಕುತ್ತರಿಯೂ, ಅಡಿಕೆ ಸಿಪ್ಪೆ ಮತ್ತು ಸೋಗೆಯ ರಾಶಿಯೂ ಮನೆ, ಹಟ್ಟಿಗಳಿಂದ ದೂರವಿರಲಿ. ಬೆಂಕಿ ಬಂದರೆ ಥಟ್ಟನೆ ಬಿಡಿಸಲಾಗುವಂತೆ, ಸಂಜೆ ಹಸುವನ್ನು ಕಟ್ಟುವಾಗ ಎಳೆದರೆ ಬಿಚ್ಚುವಂಥ ಗಂಟನ್ನೇ ಹಾಕುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ತೋಟಗಳ ವಿಷಯ. ರಬ್ಬರ್ ಮರ ಎಲೆ ಉದುರಿಸುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಬೆಂಕಿಯ ಕಾಲಕ್ಕೆ ಸರಿಯಾಗಿಯೇ. ಅಕೇಶಿಯಾದ ಎಲೆ ಬೇಗ ಕೊಳೆಯದೆ ಪದರ ಪದರವಾಗಿ ಕೂರುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಗೇರುತೋಟಗಳಲ್ಲಿ ಎಂದು ನನ್ನ ಅಭಿಪ್ರಾಯ. ಬೀಜ ಹೆಕ್ಕಲು ಸುಲಭವಾಗಲೆಂದು ಫೆಬ್ರವರಿ, ಮಾರ್ಚ್‌ನಲ್ಲಿ ಮರದಡಿಯ ತರಗೆಲೆಯನ್ನು ಗುಡಿಸಿ ಅಲ್ಲಿಯೇ ಬೆಂಕಿ ಹಾಕುವ ಅಭ್ಯಾಸ ಇನ್ನೂ ಇದೆ. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಒಮ್ಮೆ ಹೊತ್ತಿದರೆ ಜೋರಾಗಿ ಉರಿಯುತ್ತದೆ. ಎಲೆಯನ್ನು ಸುಡುವ ಬದಲು ಮರದ ಬುಡದಿಂದ ಸ್ವಲ್ಪ ದೂರದಲ್ಲಿ ಗುಂಡಿ ತೋಡಿ ತುಂಬಿ, ಮೇಲೆ ತೆಳುವಾಗಿ ಮಣ್ಣು ಎಳೆದರೆ ಮಳೆಗಾಲಕ್ಕೆ ಗೊಬ್ಬರವಾಗುತ್ತದೆ. ಪಕ್ಕದಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನಂಥ ದೊಡ್ಡ ಗೇರುತೋಟವಿದ್ದರೆ, ಗಡಿಯ ಯಾವ ಭಾಗವನ್ನು ಯಾರು ಸ್ವಚ್ಛಗೊಳಿಸುವುದು ಎಂದು ಅವರೊಂದಿಗೆ ಡಿಸೆಂಬರ್‌ನಲ್ಲೇ ಬರಹದಲ್ಲಿ ಮಾಡಿಕೊಳ್ಳುವುದು ಉತ್ತಮ. ಬಾಯಿಮಾತಿನ ಒಪ್ಪಂದಗಳು ಮಾರ್ಚ್ ತಿಂಗಳಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

‘ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ’ ಎಂಬ ಮಾತನ್ನು ಊರಿನ ಹಿರಿಯರು ಈಗಲೂ ಹೇಳುವುದುಂಟು. ಚಿಗುರುವುದು ಹೌದು, ಆದರೆ ಮುರಕಲ್ಲಿನ ಮೇಲಿರುವ ಕೆಲವೇ ಅಂಗುಲ ಮಣ್ಣು ಹೊದಿಕೆಯಿಲ್ಲದೆ ಮೊದಲ ಮಳೆಗೆ ಸಿಕ್ಕಿ ಕೆಳಗಿನ ತೋಡಿಗೆ ಇಳಿದು ಹೋಗುತ್ತದೆ, ಮುಂದೆ ಚಿಗುರುವುದಕ್ಕೆ ನೆಲವೇ ಇರುವುದಿಲ್ಲ. ರಕ್ಷಿತಾರಣ್ಯದಲ್ಲಿ ಬೆಂಕಿ ಹಾಕುವುದು, ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಬಿಟ್ಟುಹೋಗುವುದು 1961ರ ಕೇರಳ ಅರಣ್ಯ ಕಾಯ್ದೆಯಂತೆ ಶಿಕ್ಷಾರ್ಹ ಎನ್ನುವುದನ್ನೂ ಸಭೆಯಲ್ಲಿ ಒಮ್ಮೆ ಓದಿ ಹೇಳಬೇಕು.

ಜಾತ್ರೆ, ಕೋಲಗಳ ಕಾಲವೂ ಇದೇ. ದೈವವು ಕೆಂಡದ ರಾಶಿಗೆ ಹಾಯುವ ಒತ್ತೆಕೋಲ ನಡೆಯುವ ಜಾಗದ ಸುತ್ತ ಹಿಂದಿನ ದಿನವೇ ಹುಲ್ಲು ಕೊಯ್ದು ನೀರು ಚಿಮುಕಿಸುವುದು, ಮರುದಿನ ಕೆಂಡ ಪೂರ್ತಿ ತಣ್ಣಗಾಗುವವರೆಗೆ ಇಬ್ಬರು ಅಲ್ಲಿರುವುದು, ಒಣ ಗುಡ್ಡೆಯ ಕಡೆಗೆ ಸಿಡಿಮದ್ದು ಹಚ್ಚದಿರುವುದು ಇವನ್ನು ಆಡಳಿತ ಸಮಿತಿಯವರೇ ನಿರ್ಧರಿಸಿ ಪ್ರಕಟಿಸಿದರೆ ಜನ ಕೇಳುತ್ತಾರೆ.

ಮೂರನೆಯ ಹೆಜ್ಜೆ: ಬೆಂಕಿ ರೇಖೆ

ಗುಡ್ಡೆಗೂ ಊರಿಗೂ ನಡುವೆ ಹುಲ್ಲು, ಎಲೆ ಇಲ್ಲದ ಬರಿನೆಲದ ಪಟ್ಟಿಯನ್ನು ಉಳಿಸುವುದೇ ಬೆಂಕಿ ರೇಖೆ. ಮೊಣಕಾಲೆತ್ತರದ ಹುಲ್ಲಿಗೆ ಮೂರು ಮೀಟರ್ ಅಗಲ ಸಾಕಾಗಬಹುದು. ಹುಲ್ಲು ಎತ್ತರವಿದ್ದಲ್ಲಿ, ಇಳಿಜಾರು ಕಡಿದಾದಲ್ಲಿ ಇದನ್ನು ಎರಡು ಪಟ್ಟು ಮಾಡಬೇಕು. ಈಗಾಗಲೇ ಇರುವ ಕಾಲುದಾರಿ, ಜೀಪು ದಾರಿ, ತೋಡು, ಬರಿಯ ಪಾರೆ (ಬಂಡೆಯ ನೆಲ) ಇವನ್ನು ಜೋಡಿಸಿಕೊಂಡು ಹೋದರೆ ಕೆಲಸ ಅರ್ಧಕ್ಕಿಳಿಯುತ್ತದೆ. ಕೊಯ್ದ ಹುಲ್ಲನ್ನು ರೇಖೆಯಲ್ಲೇ ಬಿಡುವುದು ದೊಡ್ಡ ತಪ್ಪು. ಅದನ್ನು ಹೊತ್ತು ತಂದು ಅಡಿಕೆ ಮರದ ಬುಡಕ್ಕೆ ಹಾಸಬೇಕು.

ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರವನ್ನು ಬಳಸುವವರಿಗೆ ಒಂದು ಎಚ್ಚರಿಕೆ: ಕಬ್ಬಿಣದ ಬ್ಲೇಡು ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಂಕಿ ತಡೆಯಲೆಂದು ಹೋಗಿ ಬೆಂಕಿ ಹಚ್ಚಿ ಬಂದ ಉದಾಹರಣೆಯನ್ನು ನಾನೇ ಕಂಡಿದ್ದೇನೆ. ಇಬ್ಬನಿ ಆರುವ ಮೊದಲು, ಬೆಳಗ್ಗೆ ಒಂಬತ್ತರೊಳಗೆ, ಸಾಧ್ಯವಿದ್ದಲ್ಲಿ ನೈಲಾನ್ ದಾರ ಹಾಕಿ ಕತ್ತರಿಸಬೇಕು. ಪೆಟ್ರೋಲನ್ನು ಹುಲ್ಲಿನ ನಡುವೆ ನಿಂತು ತುಂಬಬಾರದು. ಅರಣ್ಯದ ಗಡಿಯೊಳಗೆ ರೇಖೆ ಮಾಡುವ ಕೆಲಸ ಅರಣ್ಯ ಇಲಾಖೆಯದು. ಕಾರಡ್ಕ, ಆದೂರು, ದೇಲಂಪಾಡಿ ಕಡೆಯಂತೆ ಕಾಡಿಗೆ ತಾಗಿಕೊಂಡ ಊರುಗಳವರು ವನ ಸಂರಕ್ಷಣಾ ಸಮಿತಿಯಿದ್ದರೆ ಅದರ ಮೂಲಕ, ಇಲ್ಲದಿದ್ದರೆ ನೇರವಾಗಿ ಅರಣ್ಯ ಕಚೇರಿಗೆ ಹೋಗಿ ರೇಖೆ ಯಾವ ದಿನ ಆಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಪಂಚಾಯತಿನ ದಾರಿಗಳ ಬದಿಯ ಹುಲ್ಲನ್ನು ಉದ್ಯೋಗ ಖಾತರಿ ಕೆಲಸದಲ್ಲಿ ಸೇರಿಸಲು ಸಾಧ್ಯವೇ ಎನ್ನುವುದನ್ನು ಗ್ರಾಮಸಭೆಯಲ್ಲೇ ಎತ್ತಬೇಕು.

ನಾಲ್ಕನೆಯ ಹೆಜ್ಜೆ: ನೀರು ಮತ್ತು ಸಲಕರಣೆ

ಬೆಂಕಿಯ ಸಮಯದಲ್ಲಿ ತಂತಿಯಲ್ಲಿ ವಿದ್ಯುತ್ ಇರುವುದಿಲ್ಲ ಎಂದೇ ಎಣಿಸಬೇಕು. ಅಪಾಯ ತಪ್ಪಿಸಲು ವಿದ್ಯುತ್ ಮಂಡಳಿಯವರೇ ಅದನ್ನು ಕಡಿತಗೊಳಿಸುತ್ತಾರೆ, ಕಡಿತಗೊಳಿಸಬೇಕೆಂದು ನಾವೇ ಕೇಳಬೇಕು ಕೂಡ. ಹಾಗಾದರೆ ಬಾವಿಯ ಮೋಟಾರು, ತೋಟದ ಸ್ಪ್ರಿಂಕ್ಲರು ಯಾವುದೂ ನಡೆಯುವುದಿಲ್ಲ. ನಮ್ಮ ನೆರೆಯ ತೋಟವೊಂದರಲ್ಲಿ ಹನಿ ನೀರಾವರಿಯ ಪೈಪುಗಳು ಸಾಲಾಗಿ ಕರಗಿಹೋದದ್ದು, ಪಕ್ಕದಲ್ಲೇ ತುಂಬಿದ ಕೆರೆಯಿದ್ದೂ ನೀರೆತ್ತುವ ದಾರಿಯಿಲ್ಲದ್ದರಿಂದ. ವಾರ್ಡಿಗೆ ಒಂದಾದರೂ ಡೀಸೆಲ್ ಅಥವಾ ಪೆಟ್ರೋಲ್ ಪಂಪು ಯಾರ ಮನೆಯಲ್ಲಿದೆ, ಅದು ಚಾಲೂ ಆಗುತ್ತದೆಯೇ ಎಂದು ಜನವರಿಯಲ್ಲೇ ಓಡಿಸಿ ನೋಡಬೇಕು. ಸುರಂಗದ ನೀರು ನಿರಂತರವಾದರೂ ಸಣ್ಣ ಧಾರೆ. ಅದರ ಬಲವಿರುವುದು ಕೆಳಗಿನ ಟ್ಯಾಂಕಿಯಲ್ಲಿ ತುಂಬಿಟ್ಟ ನೀರಿನಲ್ಲಿ ಮಾತ್ರ. ತೋಡಿಗೆ ಕಟ್ಟ (ಬೇಸಗೆಯ ತಾತ್ಕಾಲಿಕ ಒಡ್ಡು) ಕಟ್ಟುವ ಊರುಗಳು ಆ ಕೆಲಸವನ್ನು ಒಂದೆರಡು ವಾರ ಮುಂಚಿತವಾಗಿ ಮಾಡಿದರೆ ಬೆಂಕಿಗೂ ನೀರು ಸಿಗುತ್ತದೆ.

ಸಲಕರಣೆಗಾಗಿ ಹಣ ಕೂಡಿಸುವ ಮೊದಲು ಅಟ್ಟವನ್ನೊಮ್ಮೆ ನೋಡುವುದು ಒಳ್ಳೆಯದು. ಅಡಿಕೆಗೆ ಮದ್ದು ಬಿಡುವ ಪಂಪುಗಳು ಮಳೆಗಾಲ ಕಳೆದ ಮೇಲೆ ಮೂಲೆ ಸೇರಿರುತ್ತವೆ. ಉದ್ದದ ಪೈಪಿರುವ ಪವರ್ ಸ್ಪ್ರೇಯರಿಗೂ, ಬೆನ್ನಿಗೆ ಹೊರುವ 16 ಲೀಟರಿನ ಪಂಪಿಗೂ ಹುಲ್ಲಿನ ಬೆಂಕಿಯ ಅಂಚನ್ನು ನಂದಿಸುವ ಶಕ್ತಿ ಧಾರಾಳವಾಗಿದೆ. ಪಿಕಪ್ ವಾಹನದಲ್ಲಿ ಇಟ್ಟ 1,000 ಲೀಟರಿನ ಒಂದು ಟ್ಯಾಂಕಿಯಿಂದ ಬೆನ್ನಿನ ಪಂಪನ್ನು ಅರುವತ್ತಕ್ಕೂ ಹೆಚ್ಚು ಸಲ ತುಂಬಬಹುದು. ಮೈಲುತುತ್ತು, ಕಳೆನಾಶಕಗಳ ಉಳಿಕೆ ಹೋಗುವಂತೆ ಪಂಪುಗಳನ್ನು ತೊಳೆದು, ವಾಶರ್ ಬದಲಿಸಿ, ಯಾರ ಮನೆಯಲ್ಲಿ ಎಷ್ಟಿವೆ ಎಂದು ನಕ್ಷೆಯ ಬದಿಯಲ್ಲಿ ಬರೆದರೆ ಊರಿಗೆ ಖರ್ಚಿಲ್ಲದೆ ಒಂದು ಸಣ್ಣ ಅಗ್ನಿಶಾಮಕ ದಳವೇ ಸಿಕ್ಕಿದಂತೆ. ಇವಲ್ಲದೆ ಕತ್ತಿ, ಪಿಕ್ಕಾಸು, ಕಬ್ಬಿಣದ ಹಲ್ಲಿನ ಪಂಜ, ಟಾರ್ಚು, ಕುಡಿಯುವ ನೀರು ಬೇಕು. ಬಡಿದು ನಂದಿಸಲು ಕುಂಟುನೇರಳೆಯಂಥ, ದಟ್ಟ ಹಸಿರೆಲೆಯ ಕೊಂಬೆ ಒಳ್ಳೆಯದು.

ಐದನೆಯ ಹೆಜ್ಜೆ: ಯಾರಿಗೆ ತಿಳಿಸುವುದು, ಯಾವ ಮಾತಿನಲ್ಲಿ

ಅಗ್ನಿಶಾಮಕ ದಳಕ್ಕೆ 101, ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ವಿದ್ಯುತ್ ದೂರಿಗೆ 1912. ಸಂಖ್ಯೆಗಳು ಎಲ್ಲರಿಗೂ ಗೊತ್ತಿರುತ್ತವೆ. ಗಡಿನಾಡಿನಲ್ಲಿ ತೊಡಕು ಬರುವುದು ಕರೆ ಹೋದ ಮೇಲೆ.

ಎಣ್ಮಕಜೆ, ಪೈವಳಿಕೆ, ವರ್ಕಾಡಿ, ದೇಲಂಪಾಡಿಯಂಥ ಗಡಿ ಪಂಚಾಯತುಗಳಲ್ಲಿ ಮೊಬೈಲು ಕರ್ನಾಟಕದ ಟವರನ್ನು ಹಿಡಿದಿದ್ದರೆ ತುರ್ತು ಕರೆ ಆಚೆಯ ನಿಯಂತ್ರಣ ಕೊಠಡಿಗೆ ಹೋಗಬಹುದು. ಆದ್ದರಿಂದ ಮಾತಿನ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು ಇವನ್ನು ಹೇಳಬೇಕು. ಕಾಸರಗೋಡು, ಉಪ್ಪಳ, ಕುತ್ತಿಕ್ಕೋಲುಗಳ ಅಗ್ನಿಶಾಮಕ ಠಾಣೆಗಳ ನೇರ ದೂರವಾಣಿ ಸಂಖ್ಯೆಗಳನ್ನು ಸಂಗ್ರಹಿಸಿಡುವುದರ ಜೊತೆಗೆ, ಗಡಿಯಂಚಿನವರು ಪುತ್ತೂರು, ಸುಳ್ಯ, ಬಂಟ್ವಾಳದ ಠಾಣೆಗಳ ಸಂಖ್ಯೆಗಳನ್ನೂ ಇಟ್ಟುಕೊಳ್ಳಬೇಕು. ಗುಡ್ಡೆಯ ಬೆಂಕಿಗೆ ರಾಜ್ಯದ ಗಡಿಕಲ್ಲು ಕಾಣುವುದಿಲ್ಲ. ಆಚೆ ಬದಿಯ ಊರಿನ ಒಬ್ಬಿಬ್ಬರ ಸಂಖ್ಯೆ ನಮ್ಮಲ್ಲೂ ನಮ್ಮದು ಅವರಲ್ಲೂ ಇರಬೇಕು.

ಎರಡನೆಯ ತೊಡಕು ಮಾತಿನದು. ಮನೆಯಲ್ಲಿ ಕನ್ನಡ, ತುಳು, ಹವ್ಯಕ, ಮರಾಠಿ ಆಡುವ ನಮ್ಮ ಹಿರಿಯರಿಗೆ ಗಾಬರಿಯ ಹೊತ್ತಿನಲ್ಲಿ ಮಲಯಾಳ ಸರಿಯಾಗಿ ಬಾಯಿಗೆ ಬರುವುದಿಲ್ಲ. ಆ ಬದಿಯಲ್ಲಿ ಕರೆ ತೆಗೆದುಕೊಂಡವರಿಗೆ ನಮ್ಮ ಸಣ್ಣ ಸಣ್ಣ ಸ್ಥಳನಾಮಗಳು ಅರ್ಥವಾಗುವುದಿಲ್ಲ. ಇದಕ್ಕೆ ಸುಲಭ ಪರಿಹಾರವೊಂದಿದೆ. ‘ಇಂಥ ಪಂಚಾಯತಿನ ಇಂಥ ವಾರ್ಡಿನ ಇಂಥ ಶಾಲೆಯ ಹಿಂದಿನ ಗುಡ್ಡೆಗೆ ಬೆಂಕಿ ಬಿದ್ದಿದೆ, ಇಂಥ ದಾರಿಯಲ್ಲಿ ಬನ್ನಿ, ಇಂಥ ಜಂಕ್ಷನಿನಲ್ಲಿ ನಮ್ಮ ಜನ ಕಾಯುತ್ತಿರುತ್ತಾರೆ’ ಎಂಬ ಮಾತನ್ನು ಮಲಯಾಳದಲ್ಲಿ, ಆದರೆ ಕನ್ನಡ ಲಿಪಿಯಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಪ್ರತಿ ಮನೆಯ ಗೋಡೆಗೆ ಅಂಟಿಸಬೇಕು. ಗುರುತಾಗಿ ಶಾಲೆ, ಆರಾಧನಾಲಯ, ಬಸ್ ನಿಲ್ದಾಣಗಳಂಥ ಎಲ್ಲರಿಗೂ ತಿಳಿದ ಜಾಗಗಳನ್ನೇ ಕೊಡಬೇಕು. ವಾಟ್ಸಾಪಿನಲ್ಲಿ ಸ್ಥಳದ ಗುರುತು ಕಳುಹಿಸಲು ಬರುವ ಒಬ್ಬ ಯುವಕನನ್ನೋ ಯುವತಿಯನ್ನೋ ಪ್ರತಿ ಹತ್ತು ಮನೆಗೆ ಒಬ್ಬರಂತೆ ಗೊತ್ತುಮಾಡಬೇಕು.

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳಿಂದ ಕಂಡ ಬೆಂಕಿಯ ಮಾಹಿತಿಯನ್ನು ಹೆಸರು ನೋಂದಾಯಿಸಿದವರ ಮೊಬೈಲಿಗೆ ಕಳುಹಿಸುತ್ತದೆ. ಊರಿನ ಒಬ್ಬರು ನೋಂದಾಯಿಸಿಕೊಂಡರೆ ಸಾಕು. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ದಿನದ ಕೆಲವು ಹೊತ್ತಿನಲ್ಲಿ ಮಾತ್ರ, ಅದು ನೆಲವನ್ನು ನೋಡುವುದು ಸಾವಿರ ಅಥವಾ 375 ಮೀಟರ್ ಅಗಲದ ಚೌಕಗಳಲ್ಲಿ. ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಎತ್ತರದ ಮನೆಯೊಂದರಿಂದ ಸರದಿಯ ಮೇಲೆ ಸುತ್ತ ಕಣ್ಣಾಡಿಸುವ ವ್ಯವಸ್ಥೆ ಇದಕ್ಕಿಂತ ಬೇಗ ಹೊಗೆಯನ್ನು ಕಾಣುತ್ತದೆ.

ಆರನೆಯ ಹೆಜ್ಜೆ: ಬೆಂಕಿ ಕಂಡ ದಿನ

ಮೊದಲು ಕರೆ, ಆಮೇಲೆ ಓಟ. ಕರೆ ಮಾಡಿದ ಕೂಡಲೇ ಇಬ್ಬರು ಜಂಕ್ಷನಿಗೆ ಹೋಗಿ ವಾಹನಕ್ಕೆ ದಾರಿ ತೋರಿಸಲು ನಿಲ್ಲಬೇಕು, ಇನ್ನಿಬ್ಬರು ಗೇಟುಗಳ ಬೀಗ ತೆಗೆಸಬೇಕು, ಕೆಂಪು ಗುರುತಿನ ಮನೆಗಳಿಂದ ವೃದ್ಧರನ್ನೂ ಮಕ್ಕಳನ್ನೂ ಗಾಳಿಗೆ ಎದುರು ದಿಕ್ಕಿನ ಗದ್ದೆಗೋ ನೀರು ಹಾಯಿಸಿದ ಅಡಿಕೆ ತೋಟಕ್ಕೋ ಕರೆದೊಯ್ಯಬೇಕು. ಗ್ಯಾಸ್ ಸಿಲಿಂಡರನ್ನು ಮುಚ್ಚಿ ಹೊರಗೆ ದೂರ ಇಡಬೇಕು.

ನಂದಿಸಲು ಹೋಗುವವರು ಐದಾರು ಜನರ ಗುಂಪಾಗಿ, ಒಬ್ಬರ ಮಾತಿನಂತೆ ನಡೆಯಬೇಕು. ಹತ್ತಿಯ ಬಟ್ಟೆ, ಉದ್ದ ತೋಳು, ಮುಚ್ಚಿದ ಚಪ್ಪಲಿ ಅಥವಾ ಬೂಟು ಬೇಕು. ಪಾಲಿಯೆಸ್ಟರ್ ಲುಂಗಿ ಮೈಗೆ ಅಂಟಿಕೊಂಡು ಉರಿಯುತ್ತದೆ, ರಬ್ಬರ್ ಚಪ್ಪಲಿ ಕಾದ ಕಲ್ಲಿನ ಮೇಲೆ ಮೆತ್ತಗಾಗುತ್ತದೆ. ಬೆಂಕಿಯ ಎದುರಿಗೆ ಅಥವಾ ಅದಕ್ಕಿಂತ ಮೇಲಿನ ಇಳಿಜಾರಿನಲ್ಲಿ ನಿಲ್ಲಬಾರದು. ಈಗಾಗಲೇ ಸುಟ್ಟು ಕಪ್ಪಾದ ನೆಲಕ್ಕೆ ಬೆನ್ನು ಕೊಟ್ಟು, ಹಿಂಬದಿಯಿಂದ ಆರಂಭಿಸಿ ಎರಡೂ ಪಕ್ಕಗಳನ್ನು ನಂದಿಸುತ್ತ ಮುಂದಕ್ಕೆ ಹೋಗಬೇಕು. ಗಾಳಿ ತಿರುಗಿದರೆ ಆ ಕಪ್ಪು ನೆಲವೇ ಆಶ್ರಯ. ಎದೆಮಟ್ಟಕ್ಕಿಂತ ಎತ್ತರದ ಜ್ವಾಲೆಗೆ ಸೊಪ್ಪಿನ ಕೊಂಬೆ ಹಿಡಿದು ಹೋಗುವುದು ಹುಚ್ಚು ಸಾಹಸ. ಎದುರು ಬೆಂಕಿ ಕೊಡುವುದನ್ನು, ಅಂದರೆ ಬರುವ ಬೆಂಕಿಗೆ ಉರಿಯಲು ಏನೂ ಉಳಿಯದಂತೆ ಮುಂಚೆಯೇ ಎದುರಿನ ಹುಲ್ಲನ್ನು ಸುಡುವುದನ್ನು, ಅರಣ್ಯ ಇಲಾಖೆಯ ಅನುಭವಿಗಳಿಗೇ ಬಿಡಬೇಕು. ಹೊಗೆಗೆ ಕೆರಳಿದ ಹೆಜ್ಜೇನು, ಬೆಂಕಿಯಿಂದ ತಪ್ಪಿಸಿಕೊಂಡು ಬರುವ ಹಾವು, ಕಾಡಂಚಿನಲ್ಲಾದರೆ ಆನೆ ಇವುಗಳ ಎಚ್ಚರವೂ ಇರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2020ರ ಫೆಬ್ರವರಿಯಲ್ಲಿ ತ್ರಿಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಮೂವರು ಅರಣ್ಯ ಕಾವಲುಗಾರರು ಬೆಂಕಿಯ ನಡುವೆ ಸಿಕ್ಕಿ ತೀರಿಹೋದರು. 2018ರ ಮಾರ್ಚ್ 11ರಂದು ತಮಿಳುನಾಡಿನ ಕುರಂಗಣಿಯ ಬೆಟ್ಟದಲ್ಲಿ ಒಣಹುಲ್ಲಿನ ಬೆಂಕಿಗೆ ಸಿಕ್ಕಿದ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮೊದಲ ಎರಡು ಪ್ರಕರಣಗಳಲ್ಲಿ ಸತ್ತವರು ಕಾಡನ್ನು ಬಲ್ಲವರೇ ಆಗಿದ್ದರು.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿದು, ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಹೊದೆಸಿ ಆಸ್ಪತ್ರೆಗೆ ಒಯ್ಯಬೇಕು. ಟೂತ್‌ಪೇಸ್ಟು, ಎಣ್ಣೆ, ಶಾಯಿ ಯಾವುದನ್ನೂ ಹಚ್ಚಬಾರದು.

ಏಳನೆಯ ಹೆಜ್ಜೆ: ಆರಿದ ಮೇಲೆ

ಜ್ವಾಲೆ ಕಾಣದಿದ್ದರೆ ಬೆಂಕಿ ಆರಿತೆಂದು ಮನೆಗೆ ಮರಳುವುದು ನಮ್ಮ ಊರುಗಳಲ್ಲಿ ಆಗಾಗ ಆಗುವ ತಪ್ಪು. ಒಣಗಿದ ಮರದ ಬುಡ, ಗೆದ್ದಲು ತಿಂದ ಬೊಡ್ಡೆ, ಸೆಗಣಿ ಇವುಗಳೊಳಗೆ ಕೆಂಡ ರಾತ್ರಿಯಿಡೀ ಉಳಿದು, ಮರುದಿನ ಮಧ್ಯಾಹ್ನದ ಗಾಳಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಸುಟ್ಟ ಜಾಗದ ಅಂಚಿನುದ್ದಕ್ಕೂ ನಡೆದು, ಹೊಗೆಯಾಡುವಲ್ಲಿ ಕೆದಕಿ, ನೀರು ಹಾಕಿ, ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕನಿಷ್ಠ ಮರುದಿನ ಸಂಜೆಯವರೆಗೆ ಇಬ್ಬರ ಕಾವಲಿರಬೇಕು.

ಮಳೆಗೆ ಮುನ್ನ, ಸುಟ್ಟ ಇಳಿಜಾರಿಗೆ ಅಡ್ಡಲಾಗಿ ಬಿದ್ದ ಕೊಂಬೆ, ಕಲ್ಲುಗಳನ್ನು ಸಾಲಾಗಿ ಇಟ್ಟರೆ ಬೂದಿಯೂ ಮಣ್ಣೂ ಕೆಳಗಿನ ಕೆರೆ, ಸುರಂಗದ ಬಾಯಿಗಳನ್ನು ಸೇರುವುದು ಕಡಿಮೆಯಾಗುತ್ತದೆ. ಬೆಂಕಿ ಎಷ್ಟು ಗಂಟೆಗೆ ಕಂಡಿತು, ಕರೆ ಎಷ್ಟು ಗಂಟೆಗೆ ಹೋಯಿತು, ವಾಹನ ಯಾವಾಗ ಬಂತು, ಯಾವ ಗೇಟಿನ ಬೀಗದಿಂದ ತಡವಾಯಿತು, ಯಾವ ಪಂಪು ಚಾಲೂ ಆಗಲಿಲ್ಲ ಎನ್ನುವುದನ್ನು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದು, ನಕ್ಷೆಯ ಜೊತೆಗೆ ವಾರ್ಡಿನ ಅಂಗನವಾಡಿಯಲ್ಲೋ ವಾಚನಾಲಯದಲ್ಲೋ ಇಡಬೇಕು. ಮುಂದಿನ ನವೆಂಬರಿನ ಸಭೆ ಆ ಪುಸ್ತಕವನ್ನು ಬಿಡಿಸಿ ಓದುವುದರಿಂದಲೇ ಆರಂಭವಾಗಲಿ.